ಲಸಿಕೆ ಚೀಟಿ, ಹಾಜರಾತಿ, ಹತ್ತರ ಮುಂದಿನ ಓದು: ಪೋಷಕರಿಗೆ ಪತ್ರ

ಸರ್ಕಾರಿ ಪ್ರೌಢಶಾಲೆ, ಶಿಡ್ಲಘಟ್ಟ ತಾಲ್ಲೂಕು, ಚಿಕ್ಕಬಳ್ಳಾಪುರ ಜಿಲ್ಲೆ

8, 9 ಮತ್ತು 10ನೇ ತರಗತಿ ಮಕ್ಕಳ ಪೋಷಕರಿಗೆ

ಮಾನ್ಯರೇ,

ಹತ್ತನೇ ತರಗತಿ ಮಕ್ಕಳ ಕೈಯಲ್ಲಿ ಕಳಿಸಿದ್ದ ಟಿಡಿ ಲಸಿಕೆಯ ಒಪ್ಪಿಗೆ ಚೀಟಿಗಳಲ್ಲಿ ಕೆಲವು ‘ಬೇಡ’ ಎಂದು ಬರೆದು ಬಂದಿವೆ. ಅದಕ್ಕೆ ನನ್ನ ತಕರಾರಿಲ್ಲ, ಅದೂ ಒಂದು ಉತ್ತರವೇ. ಆದರೆ ಬಹಳಷ್ಟು ಚೀಟಿಗಳು ಸಹಿಯೂ ಇಲ್ಲದೆ ಕಾರಣವೂ ಇಲ್ಲದೆ ಖಾಲಿ ವಾಪಸಾಗಿವೆ. ಮಕ್ಕಳನ್ನು ಕೇಳಿದರೆ ‘ಆಮೇಲೆ ನೋಡೋಣ ಅಂದ್ರು ಸಾರ್’ ಎನ್ನುತ್ತಾರೆ. ಪಿಯುಸಿಗೆ ಸೇರಿಸುವ ಮಾತು ಬಂದಾಗಲೂ ಇದೇ ಉತ್ತರ, ಜಾತಿ ಪ್ರಮಾಣಪತ್ರ ತನ್ನಿ ಎಂದಾಗಲೂ ಇದೇ ಉತ್ತರ. ಲಸಿಕೆಗೆ ಒಂದು ವಯಸ್ಸಿದೆ, ಅರ್ಜಿಗೆ ಒಂದು ತಾರೀಖಿದೆ. ಅವು ದಾಟಿದ ಮೇಲೆ ನೀವು ತೀರ್ಮಾನ ಮಾಡದಿದ್ದರೂ ಅದು ತಾನೇ ಆಗಿಹೋಗಿರುತ್ತದೆ. ಹಾಗಾಗಿ ಎಲ್ಲವನ್ನೂ ಒಂದೇ ಪತ್ರದಲ್ಲಿ ಬರೆದಿದ್ದೇನೆ. ಉದ್ದವಾಗಿದೆ. ಓದಲು ಪುರುಸೊತ್ತಿಲ್ಲದವರು ಮಕ್ಕಳ ಕೈಲೇ ಓದಿಸಿ ಕೇಳಿ.

ಮೊದಲು ಲಸಿಕೆ.

ಬರುವ ಗುರುವಾರ ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಸ್ಟರ್ ಶಾಲೆಗೆ ಬಂದು ಹಾಕುವುದು ಟಿಡಿ. ಟಿ ಎಂದರೆ ಧನುರ್ವಾಯು, ಡಿ ಎಂದರೆ ಗಂಟಲುಮಾರಿ. ಸರ್ಕಾರದ ಲಸಿಕಾ ಪಟ್ಟಿಯಲ್ಲಿ ಇದು 10ನೇ ವಯಸ್ಸಿನಲ್ಲಿ ಒಮ್ಮೆ, 16ನೇ ವಯಸ್ಸಿನಲ್ಲಿ ಒಮ್ಮೆ ಇದೆ. ಅದಕ್ಕೇ ಪ್ರಾಥಮಿಕ ಶಾಲೆಯಲ್ಲಿ ಐದನೇ ತರಗತಿಯವರಿಗೂ ನಮ್ಮಲ್ಲಿ ಹತ್ತನೆಯವರಿಗೂ ಹಾಕುತ್ತಾರೆ. ಪ್ರಮಾಣ ಅರ್ಧ ಎಂ.ಎಲ್., ತೋಳಿನ ಮೇಲ್ಭಾಗದ ಸ್ನಾಯುವಿಗೆ. ‘ಚಿಕ್ಕವರಿದ್ದಾಗಲೇ ಎಲ್ಲ ಹಾಕಿಸಿದ್ದೇವಲ್ಲ’ ಎಂದು ಹಲವರು ಕೇಳಿದ್ದೀರಿ. ಹಾಕಿಸಿದ್ದೀರಿ, ಸರಿ. ಆದರೆ ಈ ಎರಡು ಕಾಯಿಲೆಗಳ ವಿರುದ್ಧ ಬಂದ ರಕ್ಷಣೆ ವರ್ಷ ಕಳೆದಂತೆ ಇಳಿಯುತ್ತದೆ, ಮತ್ತೆ ಏರಿಸಬೇಕು.

ಧನುರ್ವಾಯುವಿನ ವಿಚಾರದಲ್ಲಿ ಇನ್ನೊಂದು ಮಾತು ತಿಳಿದಿರಲಿ. ಪೋಲಿಯೊ, ದಡಾರದಂಥ ಕಾಯಿಲೆಯಲ್ಲಿ ಅಕ್ಕಪಕ್ಕದವರೆಲ್ಲ ಲಸಿಕೆ ಹಾಕಿಸಿಕೊಂಡಿದ್ದರೆ ಹಾಕಿಸದ ಮಗುವಿಗೂ ಸ್ವಲ್ಪ ಮಟ್ಟಿಗೆ ರಕ್ಷಣೆ ಸಿಗುತ್ತದೆ. ಧನುರ್ವಾಯು ಹಾಗಲ್ಲ. ಅದು ಮನುಷ್ಯರಿಂದ ಮನುಷ್ಯರಿಗೆ ಅಂಟುವುದಿಲ್ಲ. ಮಣ್ಣಿನಲ್ಲಿ, ಗೊಬ್ಬರದಲ್ಲಿ ಇದ್ದು ಗಾಯದ ಮೂಲಕ ಒಳಗೆ ಹೋಗುತ್ತದೆ. ಊರಿನವರೆಲ್ಲ ಹಾಕಿಸಿದ್ದರೂ ಹಾಕಿಸದ ಒಬ್ಬನಿಗೆ ಅದರಿಂದ ಉಪಯೋಗವಿಲ್ಲ. ನಮ್ಮ ಮಕ್ಕಳು ಹಿಪ್ಪುನೇರಳೆ ಕೊಯ್ಯುವುದು ಕುಡುಗೋಲಿನಲ್ಲಿ, ತುಳಿಯುವುದು ತಿಪ್ಪೆ. ಗಾಯವಾದ ಮೇಲೆ ಓಡಿಹೋಗಿ ಸೂಜಿ ಹಾಕಿಸಿದರೆ ಆಯಿತಲ್ಲ ಎಂದರೆ, ಗಾಯವಾದಾಗ ಆಸ್ಪತ್ರೆಗೆ ಹೋಗಲೇಬೇಕು, ಆದರೆ ಆಗ ಹಾಕಿದ ಲಸಿಕೆ ಅದೇ ಕ್ಷಣ ಕೆಲಸ ಶುರು ಮಾಡುವುದಿಲ್ಲ, ದೇಹ ಸಜ್ಜಾಗಲು ದಿನಗಳು ಬೇಕು. ರೇಷ್ಮೆ ಹುಳುಮನೆಗೆ ಬ್ಲೀಚಿಂಗ್ ಹೊಡೆಯುವುದು ಹುಳು ಮೇಯಿಸುವ ಮೊದಲು, ಹಾಲುತೊಂಡೆ ರೋಗ ಕಾಣಿಸಿಕೊಂಡ ಮೇಲಲ್ಲ. ಅದನ್ನು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ.

ಇನ್ನು ವಾಟ್ಸಾಪಿನಲ್ಲಿ ಓಡಾಡುತ್ತಿರುವ ಮಾತು: ಈ ಸೂಜಿ ಹಾಕಿಸಿದರೆ ಹೆಣ್ಣುಮಕ್ಕಳಿಗೆ ಮುಂದೆ ಮಕ್ಕಳಾಗುವುದಿಲ್ಲವಂತೆ. 2017ರ ಫೆಬ್ರುವರಿಯಲ್ಲಿ ರಾಜ್ಯದಲ್ಲಿ ದಡಾರ-ರುಬೆಲ್ಲಾ ಅಭಿಯಾನ ಶುರುವಾದಾಗಲೂ ಗಾಬರಿ ಹುಟ್ಟಿಸುವ ಇಂಥ ಸಂದೇಶಗಳು ಬಂದಿದ್ದವು. ಆ ಅಭಿಯಾನ ನಡೆದದ್ದು 9 ತಿಂಗಳಿಂದ 15 ವರ್ಷದವರೆಗಿನ ಮಕ್ಕಳಿಗೆ. ಈಗ ನಮ್ಮಲ್ಲಿ ಓದುತ್ತಿರುವ ಮಕ್ಕಳೂ ಆಗ ಅದೇ ವಯಸ್ಸಿನೊಳಗೆ ಇದ್ದವರು. ಟಿಡಿ ವಿಚಾರಕ್ಕೆ ಬಂದರೆ, ಮನೆಯಲ್ಲಿರುವ ತಾಯಿ ಕಾರ್ಡ್ ತೆಗೆದು ನೋಡಿ. ಗರ್ಭಿಣಿಯರಿಗೆ ಹಾಕುವ ಸೂಜಿಯ ಸಾಲು ಅದರಲ್ಲಿದೆ. ಆಗ ಅದರ ಹೆಸರು ಟಿಟಿ. ಈಗ ಅದರ ಜಾಗದಲ್ಲಿ ಟಿಡಿ ಬಂದಿದೆ: ಧನುರ್ವಾಯುವಿನದು ಹಾಗೇ ಇದೆ, ಗಂಟಲುಮಾರಿಯದು ಕಡಿಮೆ ಪ್ರಮಾಣದಲ್ಲಿ ಸೇರಿದೆ. ಇಂದು ಗರ್ಭಿಣಿಯರಿಗೆ ಹಾಕುತ್ತಿರುವುದೂ ಇದನ್ನೇ. ಬಸುರಿಯನ್ನೂ ಹೊಟ್ಟೆಯ ಕೂಸನ್ನೂ ಕಾಯಲು ಕೊಡುವ ಲಸಿಕೆ ಬಂಜೆತನ ತರುತ್ತದೆ ಎಂದು ಬರೆದವರು ಒಂದು ತಾಯಿ ಕಾರ್ಡನ್ನೂ ನೋಡಿದಂತಿಲ್ಲ.

ಪ್ರಶ್ನೆ ಕೇಳುವುದು ತಪ್ಪಲ್ಲ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ ಬಂದ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷೆ ಮಾಡಲು ಸಮಿತಿಯನ್ನೇ ಮಾಡಿದವರು. ನಮ್ಮ ಜಿಲ್ಲೆಯವರು ಪ್ರಶ್ನೆ ಕೇಳಿದರೆ ನನಗೆ ಖುಷಿಯೇ. ಫಾರ್ವರ್ಡ್ ಆಗಿ ಬಂದ ಮೆಸೇಜನ್ನೂ ಅದೇ ರೀತಿ ಕೇಳಿ ಅಷ್ಟೆ: ಬರೆದವರು ಯಾರು, ಯಾವ ಲಸಿಕೆ, ಯಾವ ಆಸ್ಪತ್ರೆ.

ಆ ದಿನ ಸಿಸ್ಟರ್ ಬಳಿ ನೀವೇ ನೋಡಬಹುದಾದ ಎರಡು ವಸ್ತುಗಳಿವೆ. ಸೀಸೆಯ ಮೇಲೆ ಒಂದು ವೃತ್ತ, ಅದರೊಳಗೆ ಒಂದು ಚೌಕ ಇರುತ್ತದೆ. ಒಳಗಿನ ಚೌಕ ಸುತ್ತಲಿನ ವೃತ್ತಕ್ಕಿಂತ ತಿಳಿಯಾಗಿದ್ದರೆ ಲಸಿಕೆಗೆ ಕೆಡುವಷ್ಟು ಬಿಸಿ ತಾಗಿಲ್ಲ. ಎರಡೂ ಒಂದೇ ಬಣ್ಣವಾಗಿದ್ದರೆ ಅಥವಾ ಚೌಕವೇ ಗಾಢವಾಗಿದ್ದರೆ ಹಾಕುವಂತಿಲ್ಲ. ಇಡಬೇಕಾದ್ದು 2ರಿಂದ 8 ಡಿಗ್ರಿಯಲ್ಲಿ. ಈ ಲಸಿಕೆ ಬಿಸಿಗೆ ಕೆಡುವಂತೆ ಹೆಪ್ಪುಗಟ್ಟಿದರೂ ಕೆಡುತ್ತದೆ, ಆದ್ದರಿಂದ ಡಬ್ಬಿಗೆ ಫ್ರೀಜರಿನಿಂದ ತೆಗೆದ ಐಸ್‌ಪ್ಯಾಕನ್ನು ಹಾಗೆಹಾಗೇ ತುರುಕುವುದಿಲ್ಲ, ಸ್ವಲ್ಪ ಬೆವರಿದ ಮೇಲೆ ಇಡುತ್ತಾರೆ. ಎರಡನೆಯದು ಸಿರಿಂಜು. ಒಮ್ಮೆ ಬಳಸಿದರೆ ತಾನೇ ಲಾಕ್ ಆಗುವಂಥದ್ದು, ಒಬ್ಬರಿಗೆ ಹಾಕಿದ್ದನ್ನು ಇನ್ನೊಬ್ಬರಿಗೆ ಹಾಕಲು ಬರುವುದೇ ಇಲ್ಲ.

ತೊಂದರೆ ಏನೂ ಆಗುವುದಿಲ್ಲ ಎಂದು ನಾನು ಹೇಳುವುದಿಲ್ಲ. ತೋಳು ಒಂದೆರಡು ದಿನ ನೋಯುತ್ತದೆ, ಊದಬಹುದು, ಸಣ್ಣ ಜ್ವರ ಬರಬಹುದು. ಒದ್ದೆ ಬಟ್ಟೆ ಇಡಿ. ಎಣ್ಣೆ ಹಚ್ಚಿ ತಿಕ್ಕಬೇಡಿ, ಕಾವು ಕೊಡಬೇಡಿ. ತೀವ್ರ ಅಲರ್ಜಿ ಬಹಳ ಅಪರೂಪ. ಆದರೆ ಸಾಮಾನ್ಯವಾಗಿ ಮೊದಲ ಅರ್ಧ ಗಂಟೆಯೊಳಗೇ ಆಗುವುದರಿಂದ ಮಕ್ಕಳನ್ನು 30 ನಿಮಿಷ ಅಲ್ಲೇ ಕೂರಿಸುತ್ತೇವೆ, ಸಿಸ್ಟರ್ ಬಳಿ ಅದಕ್ಕೆ ಬೇಕಾದ ಅಡ್ರಿನಲಿನ್ ಇರುತ್ತದೆ. ನಿಜವಾಗಿ ಶಾಲೆಗಳಲ್ಲಿ ಗಲಾಟೆ ಎಬ್ಬಿಸುವುದು ಇವು ಯಾವುವೂ ಅಲ್ಲ, ತಲೆಸುತ್ತು. ಬೆಳಿಗ್ಗೆ ಏನೂ ತಿನ್ನದೆ ಬಂದ ಮಗು ಸೂಜಿ ಕಂಡ ಭಯಕ್ಕೆ ಕುಸಿಯುತ್ತದೆ, ಅದನ್ನು ಕಂಡು ಸಾಲಿನಲ್ಲಿದ್ದ ಇನ್ನಿಬ್ಬರು ಕುಸಿಯುತ್ತಾರೆ, ಗೇಟಿನಾಚೆ ‘ಲಸಿಕೆಯಿಂದ ಮಕ್ಕಳು ಬಿದ್ದರು’ ಎಂಬ ಸುದ್ದಿ ಹೊರಡುತ್ತದೆ. ಅದಕ್ಕಾಗಿ ಸಾಲು ನಿಲ್ಲಿಸದೆ ಇಬ್ಬಿಬ್ಬರನ್ನೇ ಒಳಗೆ ಕರೆದು, ಬೆಂಚಿನ ಮೇಲೆ ಕೂರಿಸಿ ಹಾಕಿಸುತ್ತೇವೆ. ನಿಮ್ಮಿಂದ ಬೇಕಾದ್ದು ಒಂದೇ: ಅಂದು ಮುದ್ದೆಯೋ ಚಿತ್ರಾನ್ನವೋ, ಹೊಟ್ಟೆ ತುಂಬ ತಿನ್ನಿಸಿ ಕಳಿಸಿ. ಜೋರು ಜ್ವರವಿದ್ದರೆ ಅಂದು ಬೇಡ, ಗುಣವಾದ ಮೇಲೆ ಕೇಂದ್ರದಲ್ಲೇ ಹಾಕಿಸಬಹುದು. ನೆಗಡಿ ಕಾರಣವಲ್ಲ. ಹಿಂದೆ ಯಾವುದಾದರೂ ಲಸಿಕೆಗೆ ಮೈಯೆಲ್ಲ ದದ್ದು, ಉಸಿರಾಟದ ತೊಂದರೆ ಆಗಿದ್ದರೆ ಚೀಟಿಯಲ್ಲಿ ತಪ್ಪದೆ ಬರೆಯಿರಿ.

ಲಸಿಕೆ ಹಾಕಿಸದಿದ್ದರೆ ಹಾಲ್ ಟಿಕೆಟ್ ತಡೆಯುತ್ತಾರೆಂದು ಯಾರೋ ಹೇಳಿದ್ದಾರಂತೆ. ಅದು ಸುಳ್ಳು. ಹಾಲ್ ಟಿಕೆಟಿಗೆ ಅಡ್ಡ ಬರುವುದು ಹಾಜರಾತಿ.

ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಶೇ 75 ಹಾಜರಾತಿ ಬೇಕು. ಶಾಲೆ ನಡೆಯುವುದು ವರ್ಷಕ್ಕೆ ಸುಮಾರು 220 ದಿನ, ಅಂದರೆ ತಪ್ಪಿಸಬಹುದಾದ್ದು ಹೆಚ್ಚೆಂದರೆ 55. ಹುಳು ನಾಲ್ಕನೇ ಜ್ವರ ಎದ್ದ ಮೇಲೆ, ಅಂದರೆ ನಾಲ್ಕನೇ ಸಲ ಪೊರೆ ಕಳಚಿದ ಮೇಲೆ, ಎಷ್ಟು ಸೊಪ್ಪು ಹಾಕಿದರೂ ಸಾಲದು, ಹಣ್ಣಾಗಿ ಗೂಡು ಕಟ್ಟಲು ಚಂದ್ರಿಕೆಗೆ ಬಿಡುವ ತನಕ ಮನೆಯಲ್ಲಿ ಎಲ್ಲರ ಕೈಯೂ ಬೇಕು. ಅದು ನಮಗೂ ಗೊತ್ತು. ಒಂದು ಬೆಳೆಗೆ 8 ದಿನದಂತೆ ಐದು ಬೆಳೆಗೆ 40 ದಿನ ಅಲ್ಲೇ ಹೋಯಿತು. ಉಳಿದ 15 ದಿನದಲ್ಲಿ ಜ್ವರ, ಜಾತ್ರೆ, ಮದುವೆ ಎಲ್ಲ ಮುಗಿಯಬೇಕು. ಮುಗಿಯುವುದಿಲ್ಲ. ಚಾಕಿ ಹುಳು (ಮರಿಹುಳು) ತಂದ ದಿನವೇ ತರಗತಿ ಶಿಕ್ಷಕರಿಗೆ ತಿಳಿಸಿ. ಕೊನೇ ಹಂತ ಯಾವ ವಾರ ಬೀಳುತ್ತದೆಂದು ಆಗಲೇ ಲೆಕ್ಕ ಸಿಗುತ್ತದೆ, ಆ ವಾರ ಮಗು ಬೆಳಗಿನ ಸೊಪ್ಪು ಹಾಕಿ ಎರಡನೇ ಪೀರಿಯಡ್ಡಿಗೆ ಬಂದರೂ ನಡೆಯುವಂತೆ ನೋಡಿಕೊಳ್ಳುತ್ತೇವೆ. ಪೂರ್ತಿ ದಿನ ಬಿಡಿಸಬೇಡಿ. ಬಿಡಿಸುವುದು ಹೆಚ್ಚಾಗಿ ಹೆಣ್ಣುಮಗಳನ್ನೇ ಎಂಬುದು ಹಾಜರಿ ಪುಸ್ತಕ ತೆರೆದರೆ ಕಾಣುತ್ತದೆ.

ಹೆಣ್ಣುಮಕ್ಕಳ ಮಾತೇ ಬಂದಿದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಹತ್ತು ಮುಗಿಯುವ ವಯಸ್ಸು 15-16. ಮದುವೆಯ ವಯಸ್ಸು 18. ನಡುವಿನ ಎರಡು ವರ್ಷ ಮನೆಯಲ್ಲಿ ಕೂರಿಸಿದ ಹುಡುಗಿಗೆ ಸಂಬಂಧ ಹುಡುಕುವುದು ಎರಡು ವರ್ಷ ಕಾಯುವುದಿಲ್ಲ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯಂತೆ ಮಾಡಿಸಿದವರಿಗೂ ನಡೆಸಿಕೊಟ್ಟವರಿಗೂ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಇದೆ. ಕರ್ನಾಟಕದ ತಿದ್ದುಪಡಿಯಂತೆ ಅಂಥ ಮದುವೆ ಮೊದಲಿನಿಂದಲೇ ಅಸಿಂಧು. ಗೊತ್ತಾದ ಮೇಲೆ ನಾನು ಸುಮ್ಮನಿರುವುದಿಲ್ಲ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡುತ್ತೇನೆ. ನಂಟು ಕೆಟ್ಟರೂ ಸರಿ.

ಓದಿಸಲು ಮನಸ್ಸಿದ್ದೂ ಹಿಂಜರಿಯುವವರ ಕಷ್ಟ ಬೇರೆ. ಬಸ್ ಚಾರ್ಜು ಈಗ ಕಾರಣವಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ ಉಚಿತ. ನಿಜವಾದ ತೊಂದರೆ ಬಸ್ಸಿನ ಸಮಯ: ಕಾಲೇಜು ಬಿಟ್ಟ ಮೇಲೆ ಕತ್ತಲಾಗುವ ತನಕ ಬಸ್ಸಿಲ್ಲ. ಒಂದೇ ದಾರಿಯ ಊರುಗಳ ಪೋಷಕರು ಸೇರಿ ಡಿಪೋ ವ್ಯವಸ್ಥಾಪಕರಿಗೆ ಒಂದೇ ಅರ್ಜಿ ಕೊಡಿ. ಅದರಲ್ಲಿ ಪ್ರತಿ ನಿಲ್ದಾಣಕ್ಕೆ ಎಷ್ಟು ಮಕ್ಕಳು, ಕಾಲೇಜು ಶುರುವಾಗುವ ಮತ್ತು ಬಿಡುವ ಹೊತ್ತು, ಈಗಿರುವ ಬಸ್ಸಿನ ಹೊತ್ತು ಇರಲಿ. ‘ಬಸ್ ಬಿಡಿ’ ಎಂಬ ಒಂದು ಸಾಲಿನ ಅರ್ಜಿ ಫೈಲಿನಲ್ಲೇ ಉಳಿಯುತ್ತದೆ. ಶಾಲೆಯ ಮೊಹರು ಹಾಕಿ ನಾನೂ ಸಹಿ ಮಾಡುತ್ತೇನೆ.

ಮುಂದಿನ ಓದಿನ ಬಗ್ಗೆ ನಮ್ಮ ಕಡೆ ಒಂದು ಲೆಕ್ಕವಿದೆ: ಮಾರ್ಕ್ಸ್ ಬಂದ ಗಂಡು ಹುಡುಗನಿಗೆ ಸೈನ್ಸು, ಹೆಣ್ಣಿಗೆ ಆರ್ಟ್ಸು, ಫೇಲಾದವನಿಗೆ ಐಟಿಐ. ಮೂರೂ ತಪ್ಪು ಲೆಕ್ಕ.

ಪಿಯುಸಿಯಲ್ಲಿ ನೋಡಬೇಕಾದ್ದು ಯಾವ ಬಾಗಿಲು ಮುಚ್ಚುತ್ತದೆ ಎಂಬುದನ್ನು. ಗಣಿತ ಬಿಟ್ಟರೆ ಎಂಜಿನಿಯರಿಂಗ್ ಇಲ್ಲ. ಜೀವಶಾಸ್ತ್ರ ಬಿಟ್ಟರೆ ಡಾಕ್ಟರ್ ಓದಿಗೆ ಬರೆಯುವ ನೀಟ್ ಇಲ್ಲ, ಬಿ.ಎಸ್ಸಿ ನರ್ಸಿಂಗ್ ಇಲ್ಲ. ಯಾವುದೆಂದು ತೀರ್ಮಾನವಾಗದ ಮಗುವಿಗೆ ಪಿಸಿಎಂಬಿ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ) ಎರಡು ಬಾಗಿಲನ್ನೂ ತೆರೆದಿಡುತ್ತದೆ, ಓದುವ ಭಾರ ಮಾತ್ರ ಹೆಚ್ಚು. ಕನ್ನಡ ಮಾಧ್ಯಮದ ಮಕ್ಕಳು ಸೈನ್ಸ್ ಸೇರಿ ಮೊದಲ ಮೂರು ತಿಂಗಳಲ್ಲೇ ಸೋಲುವುದಕ್ಕೆ ಬುದ್ಧಿ ಕಾರಣವಲ್ಲ, ಪದಗಳು ಕಾರಣ: ವೇಗೋತ್ಕರ್ಷ ಗೊತ್ತಿದ್ದ ಹುಡುಗಿಗೆ ಬೋರ್ಡಿನ ಮೇಲೆ ‘ಆಕ್ಸಲರೇಷನ್’ ಕಂಡರೆ ಹೊಸದೆನಿಸುತ್ತದೆ. ಪರೀಕ್ಷೆ ಮುಗಿದ ಮೇಲೆ ಕಾಲೇಜು ಶುರುವಾಗುವ ತನಕ 9 ಮತ್ತು 10ರ ವಿಜ್ಞಾನ, ಗಣಿತದ ಇಂಗ್ಲಿಷ್ ಮಾಧ್ಯಮ ಪುಸ್ತಕ ಓದಿಸಿ. ಪಾಠ ಗೊತ್ತಿರುವುದೇ, ಪದ ಮಾತ್ರ ಕಲಿಯಬೇಕು. ಪುಸ್ತಕಗಳು ಪಠ್ಯಪುಸ್ತಕ ಸಂಘದ ವೆಬ್‌ಸೈಟಿನಲ್ಲಿ ಉಚಿತವಾಗಿ ಸಿಗುತ್ತವೆ.

ಐಟಿಐ ಫೇಲಾದವರ ಜಾಗವಲ್ಲ. ಫಿಟ್ಟರ್, ಎಲೆಕ್ಟ್ರಿಷಿಯನ್ ಎರಡು ವರ್ಷ, ವೆಲ್ಡರ್ ಒಂದು ವರ್ಷ. ಎರಡು ವರ್ಷದ ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ, ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದು ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ಹೋಗುವ ದಾರಿ ಇದೆ. ನರಸಾಪುರ, ಮಾಲೂರು ಕಡೆಯ ಕಾರ್ಖಾನೆಗಳಿಗೆ ಹೋಗುವ ಹುಡುಗರು ಕೈಯಲ್ಲಿ ಟ್ರೇಡ್ ಸರ್ಟಿಫಿಕೇಟ್ ಇಲ್ಲದೆ ಹೋದರೆ ಗುತ್ತಿಗೆ ಕೆಲಸದಲ್ಲೇ ಸುತ್ತುತ್ತಾರೆ. ಗಣಿತ ಪೂರ್ತಿ ಕೈಕೊಟ್ಟ ಮಗುವಿಗೂ, ಹುಡುಗನಿರಲಿ ಹುಡುಗಿಯಿರಲಿ, ಯಾವ ವಿಭಾಗದ ಪಿಯುಸಿಯಾದರೂ ಮುಗಿಸಿ ಮೂರು ವರ್ಷದ ಜಿಎನ್‌ಎಂ ನರ್ಸಿಂಗ್ ಸೇರುವ ದಾರಿ ಇದೆ. ಒಂದೆರಡು ವಿಷಯ ಹೋದವರಿಗೆ ಅದೇ ವರ್ಷ ಪರೀಕ್ಷೆ-2 ಇದೆ; ಪಾಸಾಗಿ ಆ ವರ್ಷವೇ ಕಾಲೇಜು ಸೇರಬಹುದು.

ತಲೆಮಾರಿನಿಂದ ಹುಳು ಮೇಯಿಸುವ ಮನೆಗಳಿಗೆ ಚಿಂತಾಮಣಿಯ ಕುರುಬೂರಿನಲ್ಲಿ ರೇಷ್ಮೆ ಕೃಷಿಯ ಪದವಿ ಓದಿಸುವ ಕಾಲೇಜು ಇರುವುದೇ ಗೊತ್ತಿಲ್ಲ ಎಂಬುದು ನನಗೆ ಬೇಸರದ ಸಂಗತಿ. ಪಿಯುಸಿ ವಿಜ್ಞಾನ ಓದಿ ಸಿಇಟಿ ಬರೆಯಬೇಕು. ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದೆ.

ಕೋಟಾ ಎಂದ ಮೇಲೆ, 8 ಮತ್ತು 9ರ ಪೋಷಕರು ಇದನ್ನು ಎರಡು ಸಲ ಓದಿ. ಸಿಇಟಿಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಮೀಸಲಾತಿ ಇದೆ. ಎರಡಕ್ಕೂ ಒಂದರಿಂದ ಹತ್ತರವರೆಗೆ ಪೂರಾ ಹತ್ತು ವರ್ಷ ಬೇಕು. ‘ಇಂಗ್ಲಿಷ್ ಬರಲಿ’ ಎಂದು ಒಂಬತ್ತನೇ ತರಗತಿಗೆ ಪೇಟೆಯ ಕಾನ್ವೆಂಟಿಗೆ ಸೇರಿಸಿದರೆ ಎಂಟು ವರ್ಷ ಹಳ್ಳಿಯಲ್ಲಿ ಕನ್ನಡದಲ್ಲಿ ಓದಿದ್ದು ಕೋಟಾಕ್ಕೆ ಬರುವುದಿಲ್ಲ, ಎರಡೂ ಹೋಗುತ್ತವೆ. ಟಿಸಿ ಕೇಳಲು ಬರುವಾಗ ಇದನ್ನು ಲೆಕ್ಕ ಹಾಕಿಕೊಂಡು ಬನ್ನಿ. ಈ ಪ್ರಮಾಣಪತ್ರಗಳಿಗೆ ಮುಖ್ಯ ಶಿಕ್ಷಕರ ಸಹಿ, ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಮೇಲುಸಹಿ ಬೇಕು. ಪ್ರಾಥಮಿಕ ಶಾಲೆ ಬೇರೆಯಾಗಿದ್ದರೆ ಅಲ್ಲಿಂದಲೂ ತರಬೇಕು. ಸಿಇಟಿ ಅರ್ಜಿಯ ವಾರದಲ್ಲಿ ಓಡಾಡುವ ಬದಲು ಹತ್ತರ ಟಿಸಿ ಜೊತೆಗೇ ಮಾಡಿಸಿಕೊಳ್ಳಿ.

ವಿದ್ಯಾರ್ಥಿವೇತನ ನಿಲ್ಲುವುದಕ್ಕೆ ಕಾರಣ ಬಹುತೇಕ ಎರಡೇ. ಆಧಾರಿನಲ್ಲಿ ಇರುವ ಹೆಸರು, ಶಾಲೆಯ ಸ್ಯಾಟ್ಸ್ (ಇಲಾಖೆಯ ಆನ್‌ಲೈನ್ ವಿದ್ಯಾರ್ಥಿ ಪಟ್ಟಿ) ದಾಖಲೆಯ ಹೆಸರು ಒಂದೇ ಇರುವುದಿಲ್ಲ, ಇನಿಶಿಯಲ್ ಮುಂದೆ ಹಿಂದೆ ಆದರೂ ಸಾಕು. ಇಲ್ಲವೇ ಮಗುವಿನ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರುವುದಿಲ್ಲ. ಖಾತೆ ತೆರೆಯುವಾಗ ಆಧಾರ್ ಜೆರಾಕ್ಸ್ ಕೊಟ್ಟ ಮಾತ್ರಕ್ಕೆ ಜೋಡಣೆ ಆಗಿದೆ ಎಂದಲ್ಲ, ಬ್ಯಾಂಕಿನಲ್ಲಿ ಕೇಳಿ ಖಚಿತ ಮಾಡಿಕೊಳ್ಳಿ. ಹೆಸರಿನ ತಿದ್ದುಪಡಿ ಎಸ್ಸೆಸ್ಸೆಲ್ಸಿ ನೋಂದಣಿಗೆ ಮೊದಲೇ ಆಗಬೇಕು, ಅಂಕಪಟ್ಟಿಯಲ್ಲಿ ಅಚ್ಚಾದ ಮೇಲೆ ತಿಂಗಳುಗಟ್ಟಲೆ ಅಲೆದಾಟ. ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರು, ಅವಧಿ ಎರಡನ್ನೂ ನೋಡಿ; ಅವಧಿ ಮುಗಿದಿದ್ದರೆ ಈ ವಾರವೇ ನಾಡಕಚೇರಿಗೆ ಹೋಗಿ.

ಮಂಗಳವಾರ ಮಧ್ಯಾಹ್ನ 3.30ಕ್ಕೆ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳು ಶಾಲೆಗೆ ಬರುತ್ತಾರೆ. ಲಸಿಕೆಯ ಬಗ್ಗೆ ಅನುಮಾನವಿದ್ದವರು ಅವರನ್ನೇ ಕೇಳಿ. ವಾಟ್ಸಾಪ್ ಮೆಸೇಜ್ ಇದ್ದರೆ ಫೋನ್ ತಂದು ತೋರಿಸಿ. ತಾಯಂದಿರೂ ಬನ್ನಿ, ಚೀಟಿಗೆ ಅವರ ಸಹಿಯೂ ನಡೆಯುತ್ತದೆ. ಹೊಸ ಚೀಟಿ ಈ ಪತ್ರದ ಜೊತೆಗಿದೆ. ‘ಹಾಕಿಸಿ’ ಅಥವಾ ‘ಬೇಡ’, ಎರಡರಲ್ಲಿ ಒಂದಕ್ಕೆ ಗುರುತು ಮಾಡಿ. ಬೇಡ ಎಂದರೆ ಕಾರಣ ಒಂದು ಸಾಲು ಬರೆಯಿರಿ. ಬುಧವಾರ ಶಾಲೆ ಬಿಡುವುದರೊಳಗೆ ತರಗತಿ ಶಿಕ್ಷಕರ ಕೈಸೇರಲಿ. ಖಾಲಿ ಚೀಟಿ ಬಂದ ಮಗುವಿಗೆ ಲಸಿಕೆ ಹಾಕುವುದಿಲ್ಲ.

ಇತಿ ತಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕರು