ಮಗಳಿಗೊಂದು ಪತ್ರ: ಐವತ್ತನಾಲ್ಕು ಕಿಲೋ

ಶಿರಸಿ,
ಬುಧವಾರ ರಾತ್ರಿ

ಪ್ರೀತಿಯ ಮಗಳಿಗೆ,

ದೀಪಾವಳಿ ಮುಗಿಸಿ ನೀನು ಬೆಂಗಳೂರಿನ ಬಸ್ಸು ಹತ್ತಿ ಇಂದಿಗೆ ನಾಲ್ಕು ದಿನವಾಯಿತು. ಊಟದ ಮನೆಯಲ್ಲಿ ನಡೆದದ್ದನ್ನು ಮತ್ತೆ ಬರೆಯುವುದಿಲ್ಲ, ಇಬ್ಬರಿಗೂ ನೆನಪಿದೆ. ಆದರೆ ಎಲೆಯ ಮುಂದಿನಿಂದ ಏಳುವಾಗ "ನನ್ನನ್ನು ಮೊದಲು ತೂಗಿದವನು ನೀನೇ ಅಲ್ಲವೇ ಅಪ್ಪಾ" ಎಂದು ನೀನು ಕೇಳಿದ್ದು ನನ್ನನ್ನು ಬಿಟ್ಟಿಲ್ಲ.

ಹೌದು, ನಾನೇ. ನಿನಗೆ ಆಗ ಹದಿಮೂರು ವರ್ಷ. ಶಾಲೆ ಬಿಟ್ಟು ನನ್ನ ಕೆಲಸದ ಜಾಗಕ್ಕೆ ಬಂದಿದ್ದೆ. ರಾಶಿ ಇಡಿ ಎಂಬ ಬಗೆಯ ಅಡಿಕೆಯ ಚೀಲಗಳನ್ನು ತೂಗಿ ಮುಗಿಸಿದ್ದೆವು, ಹಮಾಲರು ಚಹಾ ಕುಡಿಯುತ್ತಿದ್ದರು, ನಾನು ತಮಾಷೆಗೆಂದು ನಿನ್ನನ್ನು ಕಾಟಾದ ಮೇಲೆ ನಿಲ್ಲಿಸಿದೆ. ಐವತ್ತನಾಲ್ಕು ಕಿಲೋ. "ಇನ್ನು ಸ್ವಲ್ಪ ತಿಂದರೆ ಚೀಲಕ್ಕೆ ಸಮ" ಎಂದು ನಾನು ಗಟ್ಟಿಯಾಗಿ ಹೇಳಿದೆ, ಎಲ್ಲರೂ ನಕ್ಕರು, ನೀನೂ ನಕ್ಕೆ. ಕೈಯಲ್ಲಿದ್ದ ತೂಕದ ಪಟ್ಟಿಯ ಕೊನೆಗೆ, ಚೀಲಗಳ ತೂಕದ ಕೆಳಗೆ, ಐವತ್ತನಾಲ್ಕು ಎಂದು ಬರೆದು, ಕೂಡಿಸುವಾಗ ಲೆಕ್ಕ ತಪ್ಪಬಾರದೆಂದು ಅಡ್ಡಗೆರೆ ಎಳೆದೆ. ನೀನು ಕೆಳಗಿಳಿದು ಚಪ್ಪಲಿ ಹಾಕಿಕೊಳ್ಳಲು ಬಹಳ ಹೊತ್ತು ಬಗ್ಗಿಯೇ ಇದ್ದೆ. ಅದನ್ನು ನಾನು ಆಗಲೇ ಕಂಡಿದ್ದೆ, ಕಂಡೂ ಮುಂದಿನ ಚೀಟಿ ಬರೆದೆ. ಮೂವತ್ತೊಂದು ವರ್ಷ ತೂಕ ಬರೆದವನ ಕೈಯಿಂದ ಆದ ತಪ್ಪುಗಳಲ್ಲಿ ಇದೊಂದನ್ನು ತಿದ್ದಲು ಪಟ್ಟಿಯ ಮೇಲೆ ಎಳೆದ ಗೆರೆ ಸಾಲಲಿಲ್ಲ.

ಕ್ಷಮೆ ಕೇಳಲು ಕುಳಿತವನು ಉಪದೇಶಕ್ಕೆ ಇಳಿಯಬಾರದು ಎಂದು ನಿನ್ನ ಆಯಿ ಎಚ್ಚರಿಸಿದ್ದಾಳೆ. ಆದರೂ ತೂಕದ ವಿಷಯದಲ್ಲಿ ನನಗೆ ತಿಳಿದದ್ದನ್ನು ಹೇಳದೆ ಇರಲಾರೆ.

ಹಸಿ ಅಡಿಕೆಯನ್ನು ಅಂಗಳದಲ್ಲಿ ಹರವಿದ ಮೊದಲ ದಿನಗಳಲ್ಲಿ ತೂಕ ಸರಸರನೆ ಇಳಿಯುತ್ತದೆ. ಹೋದದ್ದು ನೀರು, ಒಳಗಿನ ಅಡಿಕೆ ಇದ್ದಲ್ಲಿಯೇ ಇದೆ. ಊಟ ಕಡಿಮೆ ಮಾಡಿದ ಮೊದಲ ವಾರ ದೇಹದಲ್ಲಿ ಆಗುವುದೂ ಬಹುಪಾಲು ಹೀಗೆಯೇ. ಯಕೃತ್ತಿನಲ್ಲಿ ಮತ್ತು ಸ್ನಾಯುಗಳಲ್ಲಿ ಕೂಡಿಟ್ಟ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನು ಕರಗುತ್ತದೆ, ಅದರ ಪ್ರತಿ ಗ್ರಾಮಿನ ಜೊತೆ ಸುಮಾರು ಮೂರು ಗ್ರಾಂ ನೀರೂ ಹೊರಟುಹೋಗುತ್ತದೆ. ಒಂದು ಕಿಲೋ ಕೊಬ್ಬು ಎಂದರೆ ಸುಮಾರು 7700 ಕ್ಯಾಲೊರಿ. ಅಷ್ಟು ಕೊಬ್ಬು ಎರಡು ದಿನದ ಉಪವಾಸಕ್ಕೆ ಕರಗುವುದಿಲ್ಲ. ಎರಡೇ ದಿನದಲ್ಲಿ ಒಂದು ಕಿಲೋ ಇಳಿಯಿತೆಂದು ನೀನು ಹಿಗ್ಗಿದಾಗ ನನಗೆ ನೆನಪಾದದ್ದು ಅಂಗಳದ ಅಡಿಕೆ.

ನಿನ್ನ ಫೋನಿನಲ್ಲಿ ದಿನಕ್ಕೆ 800 ಕ್ಯಾಲೊರಿ ಎಂದು ಬರೆದಿತ್ತು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2020ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ, ಕುಳಿತು ಕೆಲಸ ಮಾಡುವ 55 ಕಿಲೋ ತೂಕದ ಹೆಂಗಸಿಗೆ ದಿನಕ್ಕೆ 1660 ಕ್ಯಾಲೊರಿ ಬೇಕು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ, ನೀನು ಹಾಸಿಗೆಯಿಂದ ಏಳದಿದ್ದರೂ, ಹೃದಯ, ಮೆದುಳು, ಉಸಿರು ನಡೆಸುವುದಕ್ಕೇ ಹೋಗುತ್ತದೆ. 800 ಅದಕ್ಕೂ ಸಾಲದು. ಕಟ್ಟಿಗೆ ಕಡಿಮೆಯಾದರೆ ಅಡಿಕೆ ಬೇಯಿಸುವವರು ಉರಿಯನ್ನು ಸಣ್ಣದು ಮಾಡುವುದಿಲ್ಲವೇ, ದೇಹವೂ ಹಾಗೆಯೇ ಖರ್ಚನ್ನು ಹಿಡಿಯುತ್ತದೆ. ಚಯಾಪಚಯ, ಅಂದರೆ ದೇಹ ಶಕ್ತಿ ಉರಿಸುವ ಕೆಲಸ, ಪೂರ್ತಿ ನಿಂತೇ ಹೋಗುತ್ತದೆ ಎಂದು ಹೆದರಿಸುವವರಿದ್ದಾರೆ, ಅದು ಸುಳ್ಳು, ಕಡಿಮೆ ತಿಂದರೆ ಕೊಬ್ಬು ಕರಗಿಯೇ ಕರಗುತ್ತದೆ. ಆದರೆ ಅದರ ಜೊತೆ ಸ್ನಾಯುವೂ ಹೋಗುತ್ತದೆ, ಲೆಪ್ಟಿನ್ ಎಂಬ ಹಾರ್ಮೋನು ಇಳಿದು ಹಸಿವು ಹೆಚ್ಚುತ್ತದೆ, ಓಡಾಟ ನಮಗೆ ತಿಳಿಯದಂತೆ ತಗ್ಗುತ್ತದೆ.

1944-45ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬವರು 36 ಮಂದಿ ಆರೋಗ್ಯವಂತ ಯುವಕರಿಗೆ 24 ವಾರ ಸುಮಾರು ಅರ್ಧ ಆಹಾರ ಮಾತ್ರ ಕೊಟ್ಟು ನೋಡಿದರು. ತೂಕ ಸುಮಾರು ಕಾಲು ಭಾಗ ಇಳಿಯಿತು, ವಿಶ್ರಾಂತಿಯಲ್ಲಿ ದೇಹ ಉರಿಸುವ ಶಕ್ತಿ ಸುಮಾರು ಶೇಕಡಾ 40ರಷ್ಟು ಇಳಿಯಿತು. ಅಷ್ಟೇ ಆಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಆ ಯುವಕರಿಗೆ ಸೆಖೆಯ ದಿನಗಳಲ್ಲೂ ಚಳಿಯಾಗುತ್ತಿತ್ತಂತೆ, ಕೆಲವರು ಅಡುಗೆ ಪುಸ್ತಕಗಳನ್ನು ಗಂಟೆಗಟ್ಟಲೆ ಓದುತ್ತ ಕೂರುತ್ತಿದ್ದರಂತೆ. ಬಲಿಪಾಡ್ಯಮಿಯ ಮಧ್ಯಾಹ್ನ, ಬಿಸಿಲು ಕಾದಿದ್ದ ಜಗುಲಿಯಲ್ಲಿ, ನೀನು ಸ್ವೆಟರ್ ಹಾಕಿಕೊಂಡು ಫೋನಿನಲ್ಲಿ ಯಾರೋ ಹೋಳಿಗೆ ಲಟ್ಟಿಸುವುದನ್ನು ನೋಡುತ್ತಿದ್ದೆ, ಒಳಗೆ ಆಯಿ ಬಡಿಸಿಟ್ಟ ಹೋಳಿಗೆ ಆರುತ್ತಿತ್ತು. ಅದನ್ನು ಕಂಡವನಿಗೆ ರಾತ್ರಿ ನಿದ್ದೆ ಬರಲಿಲ್ಲ.

ಇನ್ನೊಂದು ವಿಷಯ ಆಯಿ ಹೇಳಿದಳು. ಅಪ್ಪನಾಗಿ ನಾನು ಬರೆಯಲು ಸಂಕೋಚವಾಗುತ್ತದೆ, ಆದರೂ ಬರೆಯುತ್ತೇನೆ. ಮೂರು ತಿಂಗಳಿಂದ ಮುಟ್ಟು ನಿಂತಿದೆಯಂತೆ. ಶಕ್ತಿ ಸಾಲದಾದಾಗ ದೇಹ ಮೊದಲು ಕೈಬಿಡುವ ಕೆಲಸಗಳಲ್ಲಿ ಅದೂ ಒಂದು, ಹೆಚ್ಚು ಕಾಲ ಹಾಗೆಯೇ ಬಿಟ್ಟರೆ ಮೂಳೆಯ ಬಲವೂ ಕುಂದುತ್ತದೆ. ಕಾರಣ ಬೇರೆಯೂ ಇರಬಹುದು, ಆದ್ದರಿಂದ ವೈದ್ಯರನ್ನು ಕಾಣಲೇಬೇಕು. ಇದರಲ್ಲಿ ವಾದವಿಲ್ಲ.

ತೂಕ ಇಳಿಸಬೇಡ ಎನ್ನುವ ಹಕ್ಕು ನನಗಿಲ್ಲ. ವೈದ್ಯರು ಇಳಿಸಬಹುದು ಎಂದರೆ ಬೇಕಾದದ್ದಕ್ಕಿಂತ 300ರಿಂದ 500 ಕ್ಯಾಲೊರಿ ಮಾತ್ರ ಕಡಿಮೆ ಮಾಡು, ಹೆಸರುಕಾಳು, ಕಡಲೆ, ಮೊಸರು ಬಿಡಬೇಡ, ವಾರಕ್ಕೆರಡು ದಿನ ಭಾರ ಎತ್ತು, ಆಗ ಸ್ನಾಯು ಉಳಿಯುತ್ತದೆ. ನೋಡು, ಮತ್ತೆ ಉಪದೇಶ. ನಮ್ಮ ಮನೆಯಿಂದ ಮೊದಲು ಇಂಜಿನಿಯರ್ ಆದವಳು, ಸಾಲದ ಕೊನೆಯ ಕಂತು ಕಟ್ಟಿದವಳು ನೀನು, ಲೆಕ್ಕ ನಿನಗೆ ನಾನು ಹೇಳಿಕೊಡಬೇಕೇ. ಆದರೂ ಆ ಫೋನಿನ ಲೆಕ್ಕ ನೋಡಿದಾಗಲೆಲ್ಲ ನನ್ನ ಹಳೆಯ ತೂಕದ ಪಟ್ಟಿಯೇ ಕಣ್ಣಿಗೆ ಬರುತ್ತದೆ, ಅಕ್ಷರ ಮಾತ್ರ ನಿನ್ನದು.

ಶನಿವಾರ ರಾತ್ರಿಯ ಬಸ್ಸಿಗೆ ನಾನು ಬರಲೇ? ವೈದ್ಯರಲ್ಲಿಗೆ ಜೊತೆಗೆ ಬರುತ್ತೇನೆ, ನೀನು ಒಳಗೆ ಹೋದಾಗ ಹೊರಗಿನ ಬೆಂಚಿನ ಮೇಲೆ ಕೂತಿರುತ್ತೇನೆ. ಬೇಡವೆಂದರೆ ಬೇಡ ಎಂದಷ್ಟೇ ಬರೆ, ಆಯಿ ಬರುತ್ತಾಳೆ.

ನಾಳೆಯ ಬಸ್ಸಿನಲ್ಲಿ ಪಾರ್ಸಲ್ ಕಳಿಸುತ್ತಿದ್ದೇನೆ. ಹೆಸರುಕಾಳು, ಒಂದೆಲಗದ ಬಳ್ಳಿ, ಒಂದು ಸಣ್ಣ ಡಬ್ಬಿ ಜೋನಿಬೆಲ್ಲ. ಮುಚ್ಚಳ ಸಡಿಲವಿದೆ, ದಾರ ಸುತ್ತಿದ್ದೇನೆ, ಬಿಚ್ಚುವವರೆಗೆ ನೆಟ್ಟಗೆ ಇಡು.

ನಿನ್ನ,
ಅಪ್ಪ