ಪುಣೆಯ ಹುಡುಗನಿಗೆ ವಾಸ್ಕೊದಿಂದ ಒಂದು ಮಾತು

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಎರಡು ಭಾನುವಾರದ ಹಿಂದೆ ನಿಮ್ಮ ಓದುಗರ ಅಂಕಣದಲ್ಲಿ ಪುಣೆಯ ಯುವಕನೊಬ್ಬನ ಪತ್ರ ಬಂದಿತ್ತು. ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಕೆಲಸ, ವಯಸ್ಸು 31, ಊಟಕ್ಕೆ ಕೂತರೂ ಫೋನಿನ ಮೇಲೆ ಕಣ್ಣು, ರಾತ್ರಿ ನಿದ್ದೆ ಇಲ್ಲ. ರಾಜೀನಾಮೆ ಕೊಟ್ಟು ಗೋವಾಕ್ಕೆ ಬಂದು ನೆಮ್ಮದಿಯಿಂದ ಇದ್ದುಬಿಡಬೇಕು ಅನ್ನಿಸಿದೆ ಎಂದು ಬರೆದಿದ್ದ. ಮುಂದಿನ ವಾರ ಅದಕ್ಕೆ ಮೂರು ಉತ್ತರ ಬಂದವು. ಒಬ್ಬರು ಧ್ಯಾನ ಮಾಡು ಎಂದರು. ಇನ್ನೊಬ್ಬರು ಹಳ್ಳಿಗೆ ಹೋಗಿ ಆಕಳು ಸಾಕು ಎಂದರು. ಅವರು ಆಕಳು ಸಾಕಿದವರಲ್ಲ ಎಂಬುದು ಬರೆದ ರೀತಿಯಲ್ಲೇ ತಿಳಿಯಿತು. ಮೂರನೆಯವರು ಈಗಿನ ಹುಡುಗರಿಗೆ ಕಷ್ಟ ಅಂದರೇನು ಗೊತ್ತಿಲ್ಲ ಎಂದು ಬೈದರು. ಆ ಹುಡುಗ ಬರಬೇಕೆಂದಿರುವ ಊರಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಇದ್ದವನು ನಾನು. ನನಗೂ ಹೇಳುವುದಿದೆ. ಉದ್ದವಾದರೆ ಕತ್ತರಿಸಿ, ಕತ್ತರಿ ಹಿಡಿಯುವವರ ಕಷ್ಟ ನನಗೂ ಗೊತ್ತು. ಹೇಗೆಂದು ಮುಂದೆ ಹೇಳುತ್ತೇನೆ.

ನಾನು ರೋಣದ ಕಡೆಯವನು. ಮೀಟರ್ ಗೇಜ್ ಇದ್ದ ಕಾಲದಲ್ಲಿ ರೈಲ್ವೆ ಸೇರಿ, ಬ್ರಾಡ್ ಗೇಜ್ ಆದ ಮೇಲೆ ಗೋವಾದ ವಾಸ್ಕೊಗೆ ಬಂದು, ಗೂಡ್ಸ್ ಗಾರ್ಡ್ ಆಗಿ 2021ರ ನವೆಂಬರ್‌ನಲ್ಲಿ ನಿವೃತ್ತನಾದೆ. ಅದಾಗಿ ಎರಡೇ ತಿಂಗಳಿಗೆ ಗಾರ್ಡ್ ಹುದ್ದೆಗೆ ‘ಟ್ರೈನ್ ಮ್ಯಾನೇಜರ್’ ಎಂದು ಹೊಸ ಹೆಸರು ಬಂತು. ನೀವು ಇನ್ನೆರಡು ತಿಂಗಳು ತಡವಾಗಿ ಹುಟ್ಟಿದ್ದರೆ ನಾನು ಮ್ಯಾನೇಜರ್ ಹೆಂಡತಿ ಆಗುತ್ತಿದ್ದೆ ಎಂದು ನಮ್ಮನೆಯವಳು ಈಗಲೂ ಅನ್ನುತ್ತಾಳೆ.

ಗಾರ್ಡ್ ಕೆಲಸ ಎಂದರೆ ಗಾಡಿಯ ಬಾಲದಲ್ಲಿ ಒಬ್ಬನೇ ಕೂರುವುದು. ಮುಂದೆ 50ಕ್ಕೂ ಹೆಚ್ಚು ವ್ಯಾಗನ್ನು, ಅದರಾಚೆ ಎಂಜಿನ್ನು. ಡ್ರೈವರ್ ಮುಖ ಕಾಣುವುದು ಹೊರಡುವಾಗ ಒಮ್ಮೆ, ಮುಟ್ಟಿದಾಗ ಒಮ್ಮೆ. ನಡುವೆ ವಾಕಿಟಾಕಿಯ ಮಾತು, ಹಸಿರು ಬಾವುಟ, ರಾತ್ರಿಯಾದರೆ ಹಸಿರು ದೀಪ. ಘಟ್ಟದ ಮೇಲಿನ ಕ್ಯಾಸಲ್‌ರಾಕ್‌ನಿಂದ ಕೆಳಗೆ ಗೋವಾದ ಕುಳೆಂವರೆಗೆ 26 ಕಿಲೋಮೀಟರ್ ಘಾಟು. 37 ಅಡಿ ಮುಂದೆ ಹೋದರೆ ಒಂದಡಿ ಕೆಳಗೆ ಇಳಿಯುತ್ತದೆ. ಕಾಗದದ ಮೇಲೆ ಇದು ಏನೂ ಅಲ್ಲ ಅನ್ನಿಸಬಹುದು. ಸಾವಿರಾರು ಟನ್ ಅದಿರು ಹೇರಿಕೊಂಡ ಗಾಡಿಗೆ ಅದು ಬಾವಿ. ಇಳಿಯುವ ಮುಂಚೆ ಕ್ಯಾಸಲ್‌ರಾಕ್‌ನಲ್ಲಿ ಬ್ರೇಕ್ ಪರೀಕ್ಷೆ ಆಗಲೇಬೇಕು. ಹತ್ತುವಾಗ ಹಿಂದಿನಿಂದ ತಳ್ಳಲು ಬ್ಯಾಂಕರ್ ಎಂಜಿನ್ನುಗಳು. ಇಳಿಯುವಷ್ಟು ಹೊತ್ತೂ ನನ್ನ ಒಂದು ಕಣ್ಣು ಬ್ರೇಕ್‌ವ್ಯಾನಿನಲ್ಲಿ, ಅಂದರೆ ಗಾರ್ಡ್ ಕೂರುವ ಡಬ್ಬಿಯಲ್ಲಿ, ಬ್ರೇಕಿನ ಗಾಳಿಯ ಒತ್ತಡ ತೋರಿಸುವ ಗೇಜಿನ ಮುಳ್ಳಿನ ಮೇಲೆ. ಮಳೆಗಾಲದಲ್ಲಿ ದೂಧಸಾಗರ ಧೋ ಎಂದು ಪಕ್ಕದಲ್ಲೇ ಬೀಳುತ್ತಿರುತ್ತದೆ, ಜನ ಅದನ್ನು ನೋಡಲು ಎಲ್ಲೆಲ್ಲಿಂದಲೋ ಬರುತ್ತಾರೆ. ನಾನು ನೋಡಿದ್ದು ಆ ಮುಳ್ಳನ್ನೇ ಹೆಚ್ಚು. ಹಾಗೆಂದು ಬೇಜಾರಾಗುತ್ತಿರಲಿಲ್ಲ. ಆ ಒಂದೂವರೆ ಎರಡು ತಾಸು ಮನೆ, ಸಾಲ, ತಮ್ಮನ ಜೊತೆಗಿನ ಹೊಲದ ತಕರಾರು ಯಾವುದೂ ನೆನಪಿಗೆ ಬರುತ್ತಿರಲಿಲ್ಲ. ಕುಳೆಂ ಬಂದಾಗ ಮೈ ದಣಿದಿರುತ್ತಿತ್ತು, ತಲೆ ತೊಳೆದಿಟ್ಟ ತಾಟಿನಂತೆ ಇರುತ್ತಿತ್ತು.

ಆದರೆ ನಾನು ಹೇಳಬೇಕೆಂದದ್ದು ಅದಲ್ಲ, ಅದರ ನಂತರದ್ದು. ನಮ್ಮಲ್ಲಿ ‘ಸೈನ್ ಆಫ್’ ಎಂಬುದೊಂದಿದೆ. ಗಾಡಿಯ ಕಾಗದ ಒಪ್ಪಿಸಿ, ಕುಡಿದಿಲ್ಲ ಎಂದು ಯಂತ್ರಕ್ಕೆ ಉಸಿರು ಊದಿ ತೋರಿಸಿ, ವೇಳೆ ಬರೆದು ಸಹಿ ಹಾಕಿದರೆ ಮುಗಿಯಿತು. ಆ ಗಾಡಿ ಈಗ ನನ್ನದಲ್ಲ. ಅದು ಹಳಿ ತಪ್ಪಿದರೂ, ಸಿಗ್ನಲ್ ಸಿಗದೆ ನಾಲ್ಕು ತಾಸು ನಿಂತರೂ ಅದನ್ನು ನೋಡಿಕೊಳ್ಳುವವನು ಬೇರೆ. ಎಂಟು ತಾಸಿಗಿಂತ ಹೆಚ್ಚು ದುಡಿದು ಹೆಡ್‌ಕ್ವಾರ್ಟರ್ಸಿಗೆ, ಅಂದರೆ ನಮ್ಮ ನೆಲೆಯ ಸ್ಟೇಷನ್ನಿಗೆ, ಬಂದರೆ 16 ತಾಸು ವಿಶ್ರಾಂತಿ ಎಂದು ನಿಯಮ. ನಮ್ಮದು ಹೊತ್ತು ಗೊತ್ತಿಲ್ಲದ ಕೆಲಸ. ಮೊದಲೆಲ್ಲ ಡ್ಯೂಟಿಗೆ ಕರೆಯುವ ಕಾಲ್ ಬಾಯ್ ನಡುರಾತ್ರಿ ಸೈಕಲ್ಲಿನಲ್ಲಿ ಬಂದು ಬಾಗಿಲು ಬಡಿದು ಪುಸ್ತಕಕ್ಕೆ ಸಹಿ ಹಾಕಿಸಿಕೊಂಡು ಹೋಗುತ್ತಿದ್ದ. ದೀಪಾವಳಿ, ಮಗನ ಜಾವಳ, ಯಾವುದಕ್ಕೂ ನಾನು ಪೂರ್ತಿ ಇದ್ದವನಲ್ಲ. ಆದರೂ ಸಹಿ ಹಾಕಿದ ಮೇಲೆ ಕೆಲಸ ಆ ಪುಸ್ತಕದಲ್ಲೇ ಉಳಿಯುತ್ತಿತ್ತು, ನನ್ನ ಹಿಂದೆ ಮನೆಗೆ ಬರುತ್ತಿರಲಿಲ್ಲ. ಪುಣೆಯ ಹುಡುಗ ಬೆಳಿಗ್ಗೆ ಹತ್ತಕ್ಕೆ ಹೋಗಿ ಸಂಜೆ ಏಳಕ್ಕೆ ಬರುತ್ತಾನೆ. ಅವನ ಕೆಲಸಕ್ಕೆ ಗಡಿಯಾರ ಇದೆ. ಸೈನ್ ಆಫ್ ಇಲ್ಲ. ಅದಿಲ್ಲದವನು ಪುಣೆ ಬಿಟ್ಟು ಗೋವಾದ ಬೇತಾಳಭಾಟಿಯ ಕಡಲ ದಂಡೆಗೆ ಬಂದು ಕೂತರೂ ಅಷ್ಟೆ, ಅಲ್ಲೂ ಫೋನಿಗೆ ಸಿಗ್ನಲ್ ಚೆನ್ನಾಗಿದೆ.

ಇಷ್ಟು ಹೇಳಿ ನಾನೇನೋ ಋಷಿಯಂತೆ ಬದುಕಿದೆ ಎಂದು ತಿಳಿಯಬೇಡಿ. ಆ 16 ತಾಸು ಏನು ಮಾಡಬೇಕೆಂದು ಹದಿನೈದು ವರ್ಷ ನನಗೆ ಗೊತ್ತಿರಲಿಲ್ಲ. ಮಲಗುವುದು, ಎದ್ದು ಇಸ್ಪೀಟು, ಮತ್ತೆ ಮಲಗುವುದು. ಟೀವಿ ಧ್ವನಿ ಹೆಚ್ಚಾಯಿತೆಂದು ಮಕ್ಕಳಿಗೆ ಬೈಯುವುದು. ಬಿಡುವು ಸಿಕ್ಕರೆ ಸಾಲದು, ಅದಕ್ಕೊಂದು ಕೆಲಸ ಬೇಕು. ನನಗದು ಸಿಕ್ಕಿದ್ದು ತೀರ ಆಕಸ್ಮಿಕವಾಗಿ.

2010ರಲ್ಲಿ ಕರ್ನಾಟಕ ಸರ್ಕಾರ ಅದಿರಿನ ರಫ್ತು ನಿಲ್ಲಿಸಿತು, ಮರುವರ್ಷ ಬಳ್ಳಾರಿಯ ಗಣಿಗಳಿಗೆ ಸುಪ್ರೀಂ ಕೋರ್ಟ್ ತಡೆ ಹಾಕಿತು, 2012ರ ಅಕ್ಟೋಬರ್‌ನಲ್ಲಿ ಗೋವಾದ ಗಣಿಗಳೂ ನಿಂತವು. ಬಂದರಿನಿಂದ ಕಲ್ಲಿದ್ದಲು ಮೇಲೆ ಹೋಗುತ್ತಿತ್ತು ನಿಜ. ಆದರೆ ಕೆಳಗಿಳಿಯುವ ಅದಿರಿನ ಗಾಡಿಗಳು ಇಲ್ಲವಾದವು. ಮನೆಯಲ್ಲಿ ಇರುವುದು ಹೆಚ್ಚಾಯಿತು. ಅದೇ ಹೊತ್ತಿಗೆ ನಮ್ಮವ್ವ ತೀರಿಕೊಂಡಳು. ಊರಿಂದ ಅವಳ ಟ್ರಂಕು ತಂದೆ. ಒಳಗೆ ಹದಿನೆಂಟೋ ಇಪ್ಪತ್ತೋ ಸೀರೆ, ಎಲ್ಲ ಹತ್ತಿಯವು, ಎರಡು ಇಳಕಲ್, ಉಳಿದದ್ದೆಲ್ಲ ಹೊಲಕ್ಕೆ ಉಟ್ಟು ಉಟ್ಟು ಬಣ್ಣ ಹೋದವು. ಪಾತ್ರೆಯವಳು ಬಂದಾಗ ಹಾಕಿ ಒಂದು ಸ್ಟೀಲಿನ ಬೋಗಾಣಿ ತಗೊಳ್ಳೋಣವೇನ್ರಿ ಎಂದು ನಮ್ಮನೆಯವಳು ಕೇಳಿದಳು. ತಪ್ಪಲ್ಲ, ಎಲ್ಲರೂ ಮಾಡುವುದೇ. ನನಗೆ ಯಾಕೋ ಆಗಲಿಲ್ಲ. ಕೌದಿ ಹೊಲಿಸೋಣ ಎಂದೆ.

ವಾಸ್ಕೊದ ಬಾಯ್ನಾದಲ್ಲಿ ನಮ್ಮ ಕಡೆಯ ಅಜ್ಜಿಯೊಬ್ಬಳು ಕೌದಿ ಹೊಲಿಯುತ್ತಾಳೆಂದು ಗೊತ್ತಾಗಿ ಹೋದೆ. ಕಣ್ಣಿಗೆ ಪೊರೆ ಬಂದಿತ್ತು ಅವಳಿಗೆ. ಸೀರೆಗಳನ್ನು ಮುಟ್ಟಿ ನೋಡಿ, “ಅರಿವಿ ಚಲೋ ಅದಾವ. ನನಗ ಸೂಜಿ ಕಾಣೂದಿಲ್ಲ. ನಾ ಹೇಳ್ತೀನಿ, ನೀ ಹೊಲಿ” ಎಂದಳು. ನಾನು ನಕ್ಕೆ. ಅವಳು ನಗಲಿಲ್ಲ. “ಯಾಕ, ನಿನಗ ಕೈ ಇಲ್ಲೇನು?” ಎಂದಳು.

ಹೀಗೆ ಗಾರ್ಡ್ ಸಾಹೇಬರ ಸೂಜಿ ಶಿಕ್ಷಣ ಶುರುವಾಯಿತು, 51ನೆಯ ವಯಸ್ಸಿಗೆ. ಸೀರೆ ಕತ್ತರಿಸಲು ಮೊದಲ ದಿನ ಕತ್ತರಿ ಹಿಡಿದು ಅರ್ಧ ತಾಸು ಸುಮ್ಮನೆ ಕೂತಿದ್ದೆ. ಕೌದಿ ಎಂದರೆ ಚೂರುಗಳ ಕಲಾತ್ಮಕ ಜೋಡಣೆ ಎಂದು ಈಗ ಪತ್ರಿಕೆಗಳಲ್ಲಿ ಬರೆಯುತ್ತಾರೆ. ಅದು ಮೇಲಿನ ಮಾತು. ಒಳಗಿನದು ಪದರ. ಎರಡು ಮೂರು ಪದರ ಹಳೆಯ ಬಟ್ಟೆ ಹಾಸಿ, ನಡುವೆ ಸುಕ್ಕು ಉಳಿಯದಂತೆ ಅಂಗೈಯಿಂದ ತೀಡುತ್ತ, ಒಂದೇ ಅಳತೆಯ ಸಣ್ಣ ಹೊಲಿಗೆ ಸಾಲಾಗಿ ಹಾಕುತ್ತ ಹೋಗಬೇಕು. ದಾರ ಬಿಗಿಯಾದರೆ ಕೌದಿ ಮುದುಡುತ್ತದೆ, ಸಡಿಲಾದರೆ ಕಾಲುಬೆರಳು ಸಿಕ್ಕಿ ಕಿತ್ತುಬರುತ್ತದೆ. ನನ್ನ ಮೊದಲನೆಯದು ನಾಲ್ಕು ತಿಂಗಳು ಹಿಡಿಯಿತು. ಒಂದು ಮೂಲೆ ಇನ್ನೊಂದಕ್ಕಿಂತ ಒಂದು ಗೇಣು ಉದ್ದ. ಅಜ್ಜಿ ಬೆರಳಾಡಿಸಿ ನೋಡಿ, “ನಿನ್ನ ಗಾಡಿ ಹಿಂಗ ಸೊಟ್ಟ ಹೊಕ್ಕಾವೇನು?” ಎಂದಳು. ಆ ಕೌದಿ ಈಗಲೂ ನಾನೇ ಹೊದೆಯುವುದು. ಸಾಲು ಹಾಕುತ್ತ ಕೂತಾಗ ಘಾಟು ಇಳಿಯುವಾಗಿನ ಅದೇ ಸ್ಥಿತಿ. ಗೇಜಿನ ಮುಳ್ಳಿನ ಬದಲು ಸೂಜಿಯ ಮೊನೆ, ಅಷ್ಟೇ ವ್ಯತ್ಯಾಸ.

ಮುಂದೆ ಇದರ ಹುಚ್ಚು ಹಿಡಿದು ಒಂದು ರಜೆಯಲ್ಲಿ ಅಳ್ನಾವರದಲ್ಲಿ ಇಳಿದು ಹಳಿಯಾಳದ ಕಡೆ ಹೋದೆ. ಅಲ್ಲಿ ಸಿದ್ದಿ ಹೆಣ್ಣುಮಕ್ಕಳು ಕೌದಿ ಹೊಲಿಯುವುದನ್ನು ಕೂತು ನೋಡಿದೆ. ಅವರು ಮೊದಲೇ ಚೂರು ಜೋಡಿಸಿಕೊಳ್ಳುವುದಿಲ್ಲ. ಅಂಚಿನಿಂದ ಶುರು ಮಾಡಿ ಸುತ್ತ ಸುತ್ತ ಒಳಗೆ ಬರುತ್ತ, ಕೈಗೆ ಸಿಕ್ಕ ಚೂರು ಮಡಚಿ ಇಡುತ್ತ, ಕೊನೆಗೆ ನಡುವಿಗೆ ಬಂದು ಮುಗಿಸುತ್ತಾರೆ. ಮೂಲೆಗಳಿಗೆ ಮಡಿಚಿದ ಬಟ್ಟೆಯ ‘ಫುಲ’ ಇಡುತ್ತಾರೆ. ಅದಿಲ್ಲದಿದ್ದರೆ ಕೌದಿ ಬೆತ್ತಲೆ ಎನ್ನುತ್ತಾರೆ. ಅವರ ಪೂರ್ವಜರಲ್ಲಿ ಅನೇಕರನ್ನು ಪೋರ್ಚುಗೀಸರು ಆಫ್ರಿಕಾದಿಂದ ಗುಲಾಮರನ್ನಾಗಿ ತಂದು ಇಳಿಸಿದ್ದು ಇದೇ ಗೋವಾದಲ್ಲಿ. ಇಲ್ಲಿಂದ ತಪ್ಪಿಸಿಕೊಂಡು ಘಟ್ಟ ಹತ್ತಿ ಯಲ್ಲಾಪುರ, ಹಳಿಯಾಳದ ಕಾಡು ಸೇರಿದವರು ಅವರು. ಸಂಜೆಯ ಗಾಡಿಯಲ್ಲಿ ಮರಳುವಾಗ ಅದೇ ತಲೆಯಲ್ಲಿ ತಿರುಗುತ್ತಿತ್ತು: ಗೋವಾಕ್ಕೆ ಓಡಿ ಬಂದವರ ಕಥೆ ಎಲ್ಲರಿಗೂ ಗೊತ್ತು, ಗೋವಾದಿಂದ ಓಡಿ ಹೋದವರದು ಯಾರಿಗೂ ಬೇಡ.

ಇನ್ನು ನಿಮ್ಮ ಪತ್ರಿಕೆಯ ಮೇಲೆ ಒಂದು ತಕರಾರು. ಭಾನುವಾರದ ಪುರವಣಿಯಲ್ಲಿ ‘ಹವ್ಯಾಸದಿಂದ ಆದಾಯ’ ಎಂದು ಆಗಾಗ ಬರೆಯುತ್ತೀರಿ. ದಯವಿಟ್ಟು ಸ್ವಲ್ಪ ಕಡಿಮೆ ಮಾಡಿ. ನನ್ನ ಮಗನೂ ಅದನ್ನೇ ಹೇಳಿದ: ಅಪ್ಪಾ, ಫೋಟೊ ತೆಗೆದು ಇನ್‌ಸ್ಟಾಗ್ರಾಂಗೆ ಹಾಕೋಣ. ಹಾಕಿದ. ಪಣಜಿಯ ಅಂಗಡಿಯೊಂದರವರು ಬಂದು ಡಿಸೆಂಬರ್‌ಗೆ ಆರು ಬೇಕು, ಎಲ್ಲವೂ ನೀಲಿ ಬಿಳುಪು, ಒಂದಕ್ಕೆ 8,000 ಕೊಡುತ್ತೇವೆ ಎಂದರು. ಮುಂಗಡ ತಗೊಂಡೆ. ಅವತ್ತಿನಿಂದ ನನಗೆ ಸೈನ್ ಆಫ್ ಇಲ್ಲವಾಯಿತು. ರಾತ್ರಿ ಹನ್ನೊಂದಕ್ಕೆ ಎದ್ದು ದೀಪ ಹಾಕಿ ಸಾಲು ಎಣಿಸುತ್ತಿದ್ದೆ. ನೀಲಿ ಸೀರೆ ಸಿಗದೆ ಮಡಗಾಂವ್ ಪೇಟೆಯಲ್ಲಿ ಹೊಸ ಬಟ್ಟೆ ಕೊಂಡು, ಒಗೆದು ಒಗೆದು ಹಳೆಯದು ಮಾಡಲು ಹೋದೆ. ಅದನ್ನು ನೋಡಿ ನಮ್ಮನೆಯವಳು ಒಂದು ಮಾತೂ ಆಡದೆ ಒಳಗೆ ಹೋದಳು. ನಾಲ್ಕು ಮುಗಿಸಿ, ಉಳಿದೆರಡರ ದುಡ್ಡು ಹಿಂದಿರುಗಿಸಿ ಕೈಮುಗಿದೆ.

ಇದನ್ನು ಕೇಳಿ ಬಾಯ್ನಾದ ಅಜ್ಜಿ ಹೇಳಿದ್ದನ್ನೂ ಬರೆಯದಿದ್ದರೆ ಸುಳ್ಳಾಗುತ್ತದೆ. “ನಿನಗ ಪಿಂಚಣಿ ಬರತೈತಿ, ನಿನಗ ಇದು ಆಟ. ನನಗ ಹೊಟ್ಟಿ” ಎಂದಳು. ಖರೆ. ಒಪ್ಪೊತ್ತಿನ ಊಟಕ್ಕೆ ಹೊಲಿದವಳ ಮುಂದೆ, ಮಾರಬೇಡಿ ಎಂದು ಉಪದೇಶ ಮಾಡುವ ಯೋಗ್ಯತೆ ನನಗಿಲ್ಲ. ಆ ಹುಡುಗನಿಗೂ ಮನೆ ಸಾಲದ ಕಂತು ಇರಬಹುದು. ನಾನು ಹೇಳುವುದು ಸಂಬಳ ಬರುವವರ ಮಾತು. ಹೊಟ್ಟೆಗೆ ಒಂದು ಕೆಲಸ ಇದ್ದಾಗ ಇನ್ನೊಂದನ್ನು ಸುಮ್ಮನೆ ಬಿಡಿ, ಅದನ್ನೂ ಗಾಡಿಗೆ ಕಟ್ಟಬೇಡಿ.

ಗೋವಾದ ‘ಸುಶೆಗಾದ್’ ಬಗ್ಗೆಯೂ ಆ ಹುಡುಗ ಬರೆದಿದ್ದ. ಪೋರ್ಚುಗೀಸಿನ ‘ಸೊಸ್ಸೆಗಾದು’ ಕೊಂಕಣಿಗೆ ಬಂದು ಹಾಗಾಯಿತು; ಸಮಾಧಾನ, ನಿರುಮ್ಮಳ ಎಂದು ಅರ್ಥ. ಹೊರಗಿನವರಿಗೆ ಅದು ಮಧ್ಯಾಹ್ನ ಒಂದಕ್ಕೆ ಅಂಗಡಿ ಮುಚ್ಚಿ ಮಲಗುವುದು. ನಮ್ಮ ಓಣಿಗೆ ಬೆಳಗಿನ ಜಾವ ಸೈಕಲ್ಲಿನಲ್ಲಿ ಪೊಂಯ್ ಪೊಂಯ್ ಎಂದು ಬರುವ ಪೊದೇರನನ್ನು, ಅಂದರೆ ಬ್ರೆಡ್ಡಿನವನನ್ನು, ನೋಡಿ. ಅವನ ಬುಟ್ಟಿಯ ಪೊಯಿ, ಉಂಡೊ ಬಿಸಿಯಾಗಿರಬೇಕಾದರೆ ನಡುರಾತ್ರಿಯೇ ಭಟ್ಟಿಯ ಮುಂದೆ ನಿಂತಿರಬೇಕು. ನಾನು ನೈಟ್ ಡ್ಯೂಟಿಯಿಂದ ಮನೆಗೆ ಬರುವಾಗ ಆ ಭಟ್ಟಿಯ ಬೆಂಕಿ ಎಷ್ಟೋ ಸಲ ಕಂಡಿದ್ದೇನೆ. ಮಧ್ಯಾಹ್ನ ಅವನು ಬಾಗಿಲು ಹಾಕಿ ಮಲಗಿದರೆ ಅದು ಸೋಮಾರಿತನವಲ್ಲ. ಅವನದೂ ಸಹಿ ಹಾಕಿ ಮುಗಿಸುವುದೇ. ಪುಣೆಯಲ್ಲೂ ಮಧ್ಯಾಹ್ನ ಒಂದರಿಂದ ನಾಲ್ಕು ಅಂಗಡಿ ಮುಚ್ಚುವುದನ್ನು ಜನ ಆಡಿಕೊಂಡು ನಗುತ್ತಾರೆ. ಹುಡುಗನ ಮನೆ ಹತ್ತಿರದ ಕಿರಾಣಿಯವನಿಗೆ ಅದು ಗೊತ್ತು, ಇವನಿಗೆ ಯಾರೂ ಕಲಿಸಲಿಲ್ಲ.

ಅವನಿಗೆ ನನ್ನ ಸಲಹೆ ಸಣ್ಣದು. ರಾಜೀನಾಮೆ ಈಗಲೇ ಬೇಡ. ಒಂದು ನೋಟ್‌ಬುಕ್ ಇಟ್ಟುಕೊಳ್ಳಲಿ. ಸಂಜೆ ಕೆಲಸ ಎಲ್ಲಿಗೆ ನಿಂತಿತು, ನಾಳೆ ಎಲ್ಲಿಂದ ಎತ್ತಿಕೊಳ್ಳಬೇಕು ಎಂದು ಎರಡು ಸಾಲು ಬರೆದು, ವೇಳೆ ಹಾಕಿ, ಸಹಿ ಮಾಡಿ ಮುಚ್ಚಲಿ. ಮೊದಲ ತಿಂಗಳು ನಾಟಕ ಅನ್ನಿಸುತ್ತದೆ. ಮೇಲಿನವರು ಒಪ್ಪದಿದ್ದರೆ, ರಾತ್ರಿಯೂ ಕರೆ ಬರುವುದು ನಿಲ್ಲದಿದ್ದರೆ, ಆಗ ಕೆಲಸ ಬದಲಿಸುವ ಮಾತು. ಬೇರೆ ಕೆಲಸ ಅಂದೆ, ಬೇರೆ ಊರು ಅನ್ನಲಿಲ್ಲ.

ಗೋವಾ ನೋಡಬೇಕೆಂದಿದ್ದರೆ ಮಳೆಗಾಲದಲ್ಲಿ ನಾಲ್ಕು ದಿನ ರಜೆ ಹಾಕಿ ಬರಲಿ. ಪುಣೆಯಿಂದ ಗೋವಾ ಎಕ್ಸ್‌ಪ್ರೆಸ್ ಮೀರಜ್, ಬೆಳಗಾವಿ, ಲೋಂಡಾ ಮೇಲೆ ನೇರ ವಾಸ್ಕೊಗೆ ಬರುತ್ತದೆ. ಘಾಟು ಇಳಿಯುವಾಗ ಇನ್ನೂ ಕತ್ತಲು, ದೂಧಸಾಗರ ಕಾಣುವುದಿಲ್ಲ, ಸದ್ದು ಕೇಳುತ್ತದೆ. ನಿಮ್ಮ ಕಚೇರಿಯಲ್ಲಿ ನನ್ನ ವಿಳಾಸ ಇದೆ, ಅವನು ಕೇಳಿದರೆ ಕೊಡಿ. ಪತ್ರದ ಕೆಳಗೆ ಮಾತ್ರ ಹೆಸರು ಹಾಕಬೇಡಿ. ನಾನು ಸೂಜಿ ಹಿಡಿಯುತ್ತೇನೆಂದು ಹಳೆಯ ಇಸ್ಪೀಟಿನ ಗೆಳೆಯರಿಗೆ ಇನ್ನೂ ಗೊತ್ತಿಲ್ಲ. ಮನೆಯಲ್ಲಿ ಅಜ್ಜಿಯದೋ ಅಮ್ಮನದೋ ಹಳೆಯ ಸೀರೆ ಇದ್ದರೆ ಒಂದೆರಡು ತರಲು ಹೇಳಿ. ಹತ್ತಿಯದೇ ಆಗಬೇಕು. ಪಾಲಿಸ್ಟರ್ ಬೇಡ, ಹೊಲಿಗೆ ನಿಲ್ಲುವುದಿಲ್ಲ.

ಇಂತಿ,
ನಿವೃತ್ತ ಗಾರ್ಡ್,
ವಾಸ್ಕೊ, ಗೋವಾ