ಯುಪಿಎಸ್ ಬಿಲ್ಲಿನಲ್ಲಿ ವ್ಯಾಟ್ ಮತ್ತು ನಿಮಿಷ ಎರಡೂ ಇರಲಿ

ಮಾನ್ಯ ಸಂಪಾದಕರೇ,

ಮಳೆಗಾಲ ಹತ್ತಿರ ಬಂತೆಂದರೆ ಕುಮಟಾ, ಹೊನ್ನಾವರ, ಶಿರಸಿ ಕಡೆ ಯುಪಿಎಸ್ ವ್ಯಾಪಾರ ಜೋರು. ಯುಪಿಎಸ್ ಅಂದರೆ ಕರೆಂಟ್ ಹೋದ ಕೂಡಲೇ ಬ್ಯಾಟರಿಯಿಂದ ಕಂಪ್ಯೂಟರನ್ನು ಸ್ವಲ್ಪ ಹೊತ್ತು ಓಡಿಸುವ ಪೆಟ್ಟಿಗೆ. ಗಾಳಿ ಬೀಸಿತೋ, ಲೈನಿನ ಮೇಲೆ ಮರ. ದೇವಿಮನೆ ಘಟ್ಟದ ಆಚೀಚೆ ಊರುಗಳಲ್ಲಿ ಒಮ್ಮೆ ಕರೆಂಟ್ ಹೋದರೆ ಯಾವಾಗ ಬರುತ್ತದೆ ಅಂತ ಹೇಳಲಿಕ್ಕಾಗುವುದಿಲ್ಲ. ಅದಕ್ಕೆ ಯಾರನ್ನೂ ಬೈಯಲು ಈ ಪತ್ರವಲ್ಲ. ಸುರಿಯುವ ಮಳೆಯಲ್ಲಿ ಕಂಬ ಹತ್ತುವ ಲೈನ್‌ಮನ್‌ಗಳನ್ನು ಕಂಡವರು ಹಾಗೆ ಬೈಯುವುದೂ ಇಲ್ಲ. ನನ್ನ ತಕರಾರು ಇರುವುದು ಅಂಗಡಿಯ ಕೌಂಟರಿನಲ್ಲಿ. ನಾನು ಇನ್ವರ್ಟರ್, ಯುಪಿಎಸ್ ರಿಪೇರಿ ಮಾಡಿ ಹೊಟ್ಟೆ ಹೊರೆಯುವವನು. ರಿಪೇರಿಗೆಂದು ನನ್ನ ಮೇಜಿಗೆ ಬರುವ ಎಷ್ಟೋ ಪೆಟ್ಟಿಗೆಗಳು ಕೆಟ್ಟಿರುವುದೇ ಇಲ್ಲ. ಮಾರುವಾಗ ಹೇಳಬೇಕಾದ್ದನ್ನು ಯಾರೂ ಹೇಳಿರುವುದಿಲ್ಲ, ಅಷ್ಟೇ.

ಇತ್ತೀಚೆಗೆ ಒಂದು ಸಹಕಾರಿ ಸಂಘದಿಂದ ಫೋನ್ ಬಂತು. "ಕರೆಂಟ್ ಹೋದ ಕೂಡಲೇ ಯುಪಿಎಸ್ಸೂ ಹೋಗ್ತದೆ ಮಾರಾಯಾ, ಹೊಸಾದು ತಂದು ತಿಂಗಳಾಗಲಿಲ್ಲ" ಅಂದರು ಕಾರ್ಯದರ್ಶಿಗಳು. ಹೋಗಿ ಮೇಜಿನ ಅಡಿ ಬಗ್ಗಿ ನೋಡಿದೆ. 600 ವಿಎ (ವೋಲ್ಟ್-ಆಂಪಿಯರ್) ಯುಪಿಎಸ್. ಅದರ ಹಿಂದೆ ಒಂದು ಎಕ್ಸ್‌ಟೆನ್ಶನ್ ಬೋರ್ಡ್. ಬೋರ್ಡಿಗೆ ಕಂಪ್ಯೂಟರ್, ಮಾನಿಟರ್, ಯಾರದೋ ಮೊಬೈಲ್ ಚಾರ್ಜರ್ ಮತ್ತು ಒಂದು ಲೇಸರ್ ಪ್ರಿಂಟರ್. ಗೋಡೆಯ ಸ್ವಿಚ್ ಆಫ್ ಮಾಡಿ, ಒಂದು ರಸೀದಿ ಪ್ರಿಂಟ್ ಕೊಡಿ ಅಂದೆ. ಪ್ರಿಂಟರ್ ಗುಂಯ್ ಎಂದಿತು, ಯುಪಿಎಸ್ ಉದ್ದಕ್ಕೆ ಕೂಗಿತು, ಎಲ್ಲ ಕಪ್ಪು.

ಲೇಸರ್ ಪ್ರಿಂಟರಿನಲ್ಲಿ ಪುಡಿ ಕಾಗದಕ್ಕೆ ಅಂಟಬೇಕಾದರೆ ಒಳಗಿನ ರೋಲರ್ ಬಿಸಿಯಾಗಬೇಕು. ಆ ಗಳಿಗೆಯಲ್ಲಿ ಅದು ಇಸ್ತ್ರಿಪೆಟ್ಟಿಗೆ ಇದ್ದ ಹಾಗೆ, ನೂರಾರು ವ್ಯಾಟ್ ಎಳೆಯುತ್ತದೆ. ಯುಪಿಎಸ್ ಮುಂದೆ ದಪ್ಪಗೆ 600 ಎಂದು ಬರೆದಿತ್ತು. ಹಿಂದಿನ ಸ್ಟಿಕರಿನಲ್ಲಿ, ಕನ್ನಡಕ ಇಲ್ಲದೆ ಕಾಣದಷ್ಟು ಸಣ್ಣಕ್ಕೆ, 360 ವ್ಯಾಟ್. ಅದು ನಿಜವಾಗಿ ಹೊರುವ ಭಾರ ಈ ಎರಡನೆಯ ಅಂಕಿ. ಪ್ರಿಂಟರಿನ ಪ್ಲಗ್ ಕಿತ್ತು ನೇರ ಗೋಡೆಗೆ ಹಾಕಿದೆ. ಅದೇ ಯುಪಿಎಸ್ ಸುಮ್ನೆ ಓಡಿತು. ಪ್ಲಗ್ ಬದಲಿಸಿದ್ದಕ್ಕೆ ಎಷ್ಟು ಕೇಳುವುದು? ಚಹಾ ಕುಡಿದು ಬಂದೆ.

ಇನ್ನು ನಿಮಿಷದ ಮಾತು. ಸಣ್ಣ ಯುಪಿಎಸ್ ಒಳಗಿರುವುದು ಸಾಮಾನ್ಯವಾಗಿ 12 ವೋಲ್ಟಿನ, 7 ಎಎಚ್ (ಆಂಪಿಯರ್-ಅವರ್) ಬ್ಯಾಟರಿ. ಗುಣಿಸಿದರೆ 84 ವ್ಯಾಟ್-ಅವರ್. ಹಾಗಾದರೆ 120 ವ್ಯಾಟಿನ ಕಂಪ್ಯೂಟರ್ 40 ನಿಮಿಷ ಓಡಬೇಕಲ್ವಾ? ಓಡುವುದಿಲ್ಲ. ಆ 7 ಎಎಚ್ ಎಂಬ ಲೆಕ್ಕ 20 ತಾಸು ನಿಧಾನಕ್ಕೆ ಎಳೆದರೆ ಮಾತ್ರ. ಹತ್ತು-ಹನ್ನೆರಡು ಆಂಪಿಯರ್ ಒಮ್ಮೆಲೇ ಎಳೆದರೆ ಅರ್ಧದಷ್ಟೂ ಸಿಗುವುದು ಕಷ್ಟ. ಹದಿನೈದು ನಿಮಿಷ ಸಿಕ್ಕರೆ ಒಳ್ಳೆಯ ಬ್ಯಾಟರಿ ಎನ್ನಬೇಕು. ಫೈಲ್ ಸೇವ್ ಮಾಡಿ ಕಂಪ್ಯೂಟರ್ ಸರಿಯಾಗಿ ಬಂದ್ ಮಾಡಲಿಕ್ಕೆ ಅಷ್ಟು ಸಾಕು. ಯುಪಿಎಸ್ ಇರುವುದೇ ಅದಕ್ಕೆ. ಸಂಜೆತನಕ ಕೆಲಸ ಮಾಡಬೇಕೆಂದರೆ ಇನ್ವರ್ಟರ್ ಬೇಕು. "ಇದಕ್ಕೇ ದೊಡ್ಡ ಬ್ಯಾಟರಿ ಹಾಕಿ ಕೊಡು ತಮ್ಮಾ" ಎನ್ನುವವರೂ ಇದ್ದಾರೆ. ಆಗುವುದಿಲ್ಲ. ಒಳಗಿನ ಚಾರ್ಜರ್ ಸಣ್ಣದು, ದೊಡ್ಡ ಬ್ಯಾಟರಿಯನ್ನು ತುಂಬಿಸಲಾರದು. ಟ್ರಾನ್ಸ್‌ಫಾರ್ಮರ್ ಕೂಡ ಸ್ವಲ್ಪ ಹೊತ್ತು ಓಡಲೆಂದು ಮಾಡಿದ್ದು. ತಾಸುಗಟ್ಟಲೆ ಓಡಿಸಿದರೆ ಸುಟ್ಟ ವಾಸನೆ ಬರುತ್ತದೆ.

ಮನೆಯಲ್ಲಿ ಆಗಲೇ ಇನ್ವರ್ಟರ್ ಇರುವವರು ಯುಪಿಎಸ್ ಕೊಳ್ಳುವ ಮೊದಲು ಇನ್ವರ್ಟರಿನ ಹಿಂದೆ ಒಮ್ಮೆ ನೋಡಿ. ತುಂಬಾ ಇನ್ವರ್ಟರ್‌ಗಳಲ್ಲಿ 'ನಾರ್ಮಲ್', 'ಯುಪಿಎಸ್' ಎಂಬ ಸಣ್ಣ ಸ್ವಿಚ್ ಇರುತ್ತದೆ. ನಾರ್ಮಲ್ ಕಡೆ ಇದ್ದರೆ ಬ್ಯಾಟರಿಗೆ ಬದಲಾಗುವುದು ತುಸು ತಡ, ಫ್ಯಾನಿಗೆ ಗೊತ್ತಾಗುವುದಿಲ್ಲ, ಕಂಪ್ಯೂಟರ್ ಮಾತ್ರ ಆಫ್ ಆಗಿ ಮತ್ತೆ ಆನ್ ಆಗುತ್ತದೆ. ಎಷ್ಟೋ ಮನೆಗಳಲ್ಲಿ ಆ ಸ್ವಿಚ್ ದಾಟಿಸಿದರೆ ಸಾಕಾಗುತ್ತದೆ. ಬೇರೆ ಪೆಟ್ಟಿಗೆ ಬೇಕಿಲ್ಲ.

ಎಲ್ಲಕ್ಕಿಂತ ಜಾಸ್ತಿ ಅಸಡ್ಡೆ ಅರ್ಥಿಂಗ್, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ವ್ಯವಸ್ಥೆಯ ಬಗ್ಗೆ. ಮೂರು ಪಿನ್ನಿನ ಪ್ಲಗ್ಗಿಗೆ ಎರಡು ಪಿನ್ನಿನ ಅಡಾಪ್ಟರ್ ಸಿಕ್ಕಿಸಿದಲ್ಲಿಗೆ ನಮ್ಮಲ್ಲಿ ಫಿಟ್ಟಿಂಗ್ ಮುಗಿಯಿತು. ಒಂದು ಶಾಲೆಯಲ್ಲಿ ಅಕ್ಕೋರು ಕಾಲಡಿಗೆ ಹಲಗೆ ಇಟ್ಟುಕೊಂಡು ಕಂಪ್ಯೂಟರ್ ಮುಟ್ಟುತ್ತಿದ್ದರು. ಕೇಳಿದರೆ, "ಜುಮ್ ಅಂತದೆ, ರೂಢಿಯಾಗಿದೆ" ಎಂದರು. ಅದು ರೂಢಿ ಮಾಡಿಕೊಳ್ಳುವ ಸಂಗತಿಯಲ್ಲ. ಕಂಪ್ಯೂಟರಿನ ಪವರ್ ಸಪ್ಲೈ ಒಳಗಿನ ಫಿಲ್ಟರ್ ತುಸು ಕರೆಂಟನ್ನು ಅರ್ಥಿಗೆ ಬಿಡುತ್ತದೆ. ಅರ್ಥಿನ ದಾರಿಯೇ ಇಲ್ಲದಿದ್ದರೆ ಅದು ಡಬ್ಬಿಯ ಮೈಮೇಲೆ ನಿಲ್ಲುತ್ತದೆ. ಮುಂದೆ ಒಳಗಿನ ವೈರ್ ಸುಲಿದು ಡಬ್ಬಿಗೆ ತಾಗಿದ ದಿನ ಹಲಗೆ ಕಾಯುತ್ತದೆಂಬ ನಂಬಿಕೆ ಬೇಡ.

ನಮ್ಮದು ಚಿರೇಕಲ್ಲಿನ ನೆಲ. ಮಳೆಗಾಲದಲ್ಲಿ ಅರ್ಥಿಂಗ್ ಗುಂಡಿ ಒದ್ದೆ ಇರುತ್ತದೆ, ಎಲ್ಲ ಸರಿ ಕಾಣುತ್ತದೆ. ಏಪ್ರಿಲ್-ಮೇ ಹೊತ್ತಿಗೆ ಒಣಗಿ ಕೂರುತ್ತದೆ. ಅರ್ಥ್ ಬೇಕೇ ಬೇಕಾದ ಗುಡುಗು-ಸಿಡಿಲು ಶುರುವಾಗುವುದೂ ಆಗಲೇ. ಸಾದಾ ಮೀಟರ್ ಹಿಡಿದು "230 ವೋಲ್ಟ್ ತೋರಿಸ್ತದೆ, ಓಕೆ" ಎನ್ನುವ ಎಲೆಕ್ಟ್ರಿಷಿಯನ್ನರನ್ನು ನಂಬಬೇಡಿ. ಆ ಮೀಟರ್ ಎಳೆಯುವ ಕರೆಂಟ್ ಇಷ್ಟೇ ಇಷ್ಟು, ಹಾಳಾದ ಅರ್ಥಿಂಗೂ ಅದಕ್ಕೆ ಒಳ್ಳೆಯದಾಗಿಯೇ ಕಾಣುತ್ತದೆ. ಅರ್ಥ್ ಟೆಸ್ಟರ್ ಇಟ್ಟು ಓಮ್ (ಕರೆಂಟಿಗೆ ಇರುವ ತಡೆ) ಅಳೆಸಿ. ಗುಂಡಿಗೆ ಬೇಸಿಗೆಯಲ್ಲಿ ನೀರು ಹೊಯ್ಯಿರಿ.

ಸಿಡಿಲಿಗೆ ಮಾತ್ರ ಯಾವ ಯುಪಿಎಸ್ಸೂ ಮದ್ದಲ್ಲ. ಗುಡುಗು ದೂರ ಇರುವಾಗಲೇ ಪ್ಲಗ್ ಕೀಳಬೇಕು. ಟಿವಿ ಕೇಬಲ್, ತಾಮ್ರದ ಫೋನ್ ವೈರ್ ಇದ್ದರೆ ಅದನ್ನೂ ಕೀಳಬೇಕು, ಸಿಡಿಲು ಆ ದಾರಿಯಲ್ಲೂ ಬರುತ್ತದೆ. ಇನ್ನೊಂದು, ವೋಲ್ಟೇಜ್ ಏರಿಳಿಯುವಾಗ ಯುಪಿಎಸ್ ಟಕ್ ಟಕ್ ಎಂದರೆ ಹೆದರಬೇಡಿ. ಒಳಗಿನ ರಿಲೇ ವೋಲ್ಟೇಜ್ ಸರಿ ಮಾಡುವ ಸದ್ದು ಅದು.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಮನೆಗಳಲ್ಲಿ ಕೂತು ಬೆಂಗಳೂರಿನ ಕೆಲಸ ಮಾಡುವ ಹುಡುಗರು ಈಗ ತುಂಬಾ ಜನ. ಅವರಿಗೆ ಲ್ಯಾಪ್‌ಟಾಪಿನಲ್ಲೇ ಬ್ಯಾಟರಿ ಇದೆ. ಕೈಕೊಡುವುದು ವೈಫೈ ರೂಟರ್. ಅದಕ್ಕೆ ಲಿಥಿಯಂ ಬ್ಯಾಟರಿಯ ಪುಟ್ಟ ಯುಪಿಎಸ್ ಸಿಗುತ್ತದೆ. ಕೊಳ್ಳುವ ಮೊದಲು ರೂಟರಿನ ಅಡಾಪ್ಟರ್ ಮೇಲೆ 9 ವೋಲ್ಟೋ 12 ವೋಲ್ಟೋ, ಎಷ್ಟು ಆಂಪಿಯರ್ ಎಂದು ಓದಿಕೊಳ್ಳಿ. ಪಿನ್ ಹೊಂದಿತೆಂದು ಸಿಕ್ಕಿಸಿದರೆ ರೂಟರ್ ಹೋದೀತು.

ವರ್ತಕರಲ್ಲಿ ನನ್ನ ಕೇಳಿಕೆ ಇಷ್ಟೇ. ಬಿಲ್ಲಿನಲ್ಲಿ ವಿಎ ಜೊತೆಗೆ ವ್ಯಾಟ್ ಬರೆಯಿರಿ. ಗಿರಾಕಿ ಏನೇನು ಜೋಡಿಸುತ್ತಾರೆ ಕೇಳಿ, ಆ ಲೋಡಿಗೆ ಸುಮಾರು ಎಷ್ಟು ನಿಮಿಷ ಎಂದೂ ಬರೆಯಿರಿ. ಪಂಚಾಯಿತಿ, ಸಂಘ, ಶಾಲೆಯವರು ಕೊಟೇಶನ್ ತರಿಸುವಾಗ ಇದನ್ನೇ ಕೇಳಬೇಕು. ಬರೀ '600 ವಿಎ, ಕಡಿಮೆ ದರ' ಎಂದು ಕೇಳಿದರೆ ಸಿಗುವುದೂ ಅದೇ.

ಹಳೆ ಬ್ಯಾಟರಿಯನ್ನು ದಯವಿಟ್ಟು ಗುಜರಿಯವರಿಗೆ ಹಾಕಬೇಡಿ. ಕೆಲವರು ಅದನ್ನು ಒಡೆದು ಸೀಸ ತೆಗೆದು, ಆಸಿಡ್ ಹಳ್ಳಕ್ಕೆ ಬಿಡುತ್ತಾರೆ. ಹೊಸದು ಕೊಳ್ಳುವ ಅಂಗಡಿಯಲ್ಲೇ ಬದಲಿಗೆ ಕೊಟ್ಟರೆ ದರದಲ್ಲೂ ಅಷ್ಟು ಕಡಿಮೆ ಮಾಡುತ್ತಾರೆ.

– ಒಬ್ಬ ಯುಪಿಎಸ್ ರಿಪೇರಿಯವ, ಕುಮಟಾ